ರವಿಕಿರಣನ ಕನ್ನಡ

ರವಿಕಿರಣ ತನ್ನ ಮೇಲಧಿಕಾರಿಯಾಗಿ ಬಂದು ಕೂತದ್ದನ್ನು ಅಂಬಾದಾಸ ಹೇಗೋ ನುಂಗಿಕೊಂಡಿದ್ದ. ಅವನು ಎಲ್ಲರ ಎದುರು ನಕ್ಕದ್ದನ್ನು ನುಂಗಿಕೊಳ್ಳಲು ಮಾತ್ರ ಆಗಲಿಲ್ಲ.

ಹೈದರಾಬಾದಿನ ಮಾಧಾಪುರದ ಆ ಗಾಜಿನ ಕಟ್ಟಡದಲ್ಲಿ ಅವರ ಕೆಲಸ ಇಷ್ಟೆ: ಬೂಲೂ ಎಂಬ ವಿದೇಶಿ ಆ್ಯಪಿನಲ್ಲಿ ಜನ ಹಾಕುವ ಕನ್ನಡ ವಿಡಿಯೋಗಳನ್ನು ನೋಡಿ, ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಷರಾ ಬರೆಯುವುದು. ಒಂದು ದಿನ ಅವಸರದಲ್ಲಿ ಅಂಬಾದಾಸ ಒಂದು ಅಡುಗೆ ವಿಡಿಯೋಗೆ ‘ಭಾಳ ಛಲೋ ಐತಿ, ತೆಗಿಯೋದು ಬ್ಯಾಡ’ ಎಂದು ಬರೆದುಬಿಟ್ಟ. ರವಿಕಿರಣ ಅದನ್ನು ಮೀಟಿಂಗಿನ ದೊಡ್ಡ ಪರದೆಯ ಮೇಲೆ ಹಾಕಿ, ರಾಗ ಎಳೆದು ಓದಿದ.

“ಅಂಬಾದಾಸ್ ಅವರೇ, ಇದು ಕನ್ನಡನಾ, ಉರ್ದುನಾ? ದಿನಕ್ಕೆ ನಾಲ್ಕು ಪುಟ ಓದಿ ಸ್ವಾಮಿ, ನಾಲಿಗೆ ತಿಳಿಯಾಗುತ್ತೆ!”

ತೆಲುಗಿನವರು ನಕ್ಕರು, ತಮಿಳಿನವರೂ ನಕ್ಕರು. ಅವರಿಗೆ ಏನು ತಿಳಿಯಿತು ಮಣ್ಣು! ಅಂಬಾದಾಸನೂ ಹಲ್ಲು ಕಿರಿದ. ಕಿವಿ ಮಾತ್ರ ಕಾದ ಹಂಚಿನ ಹಾಗೆ ಸುಡುತ್ತಿತ್ತು.

ರವಿಕಿರಣನ ತಂದೆ ತುಮಕೂರಿನ ಕಡೆಯಿಂದ ಬಂದು ಹೈದರಾಬಾದಿನ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರು. ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗನಿಗೆ ಮನೆಯಲ್ಲಿ ತಿದ್ದಿ ತೀಡಿದ ಕನ್ನಡ ಸಿಕ್ಕಿತ್ತು. ಅಂಬಾದಾಸ ಸಿಂಧನೂರಿನವನು. ಆದರೆ ಬೂಲೂಗೆ ಬರುವ ಕನ್ನಡ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಅವನ ಸೀಮೆಯವೇ. ಒಬ್ಬ ಅಜ್ಜಿ ಮೊಮ್ಮಗನಿಗೆ “ನಿನ್ನ ಹೆಣಾ ಎತ್ತಲಿ, ಉಣ್ಣ ಬಾ” ಎಂದು ಕೂಗಿದ್ದನ್ನು ರವಿಕಿರಣ ಕೊಲೆ ಬೆದರಿಕೆ ಎಂದು ತೆಗೆದುಹಾಕಲು ಹೊರಟಿದ್ದ. ಅದು ಮುದ್ದಿನ ಬೈಗುಳವೆಂದು ತಿಳಿಹೇಳಿದವನು ಅಂಬಾದಾಸ. ಇಷ್ಟಾದರೂ ವಿಭಾಗದ ಮುಖ್ಯಸ್ಥನ ಕುರ್ಚಿ ಸಿಕ್ಕಿದ್ದು ರವಿಕಿರಣನಿಗೆ. ‘ಭಾಷಾ ಶುದ್ಧಿ’ ಎಂಬುದು ಕಂಪನಿ ಕೊಟ್ಟ ಕಾರಣ. ಶುದ್ಧಿಯಂತೆ ಶುದ್ಧಿ!

ಅಂದಿನಿಂದ ಅಂಬಾದಾಸ ರವಿಕಿರಣನ ನಗುವನ್ನು ಗಮನಿಸತೊಡಗಿದ. ಯಾವ ಮಾತಿಗೆ ನಗುತ್ತಾನೋ ಆ ಮಾತನ್ನು ತನ್ನ ಬರಹದಿಂದ ಕಿತ್ತು ಹಾಕಿದ. ಬರೋಬ್ಬರಿ ಹೋಯಿತು, ಖರೇ ಹೋಯಿತು, ಸುಮಾರ್ ಹೋಯಿತು. ಒಂದು ವರ್ಷದಲ್ಲಿ ಅವನ ಷರಾಗಳು ಎಷ್ಟು ತಿಳಿಯಾದವೆಂದರೆ ರವಿಕಿರಣನೇ ಬೆನ್ನು ತಟ್ಟಿ, “ಈಗ ನೀವು ಮನುಷ್ಯರಾದ್ರಿ” ಎಂದ. ಆ ಮಾತು ನಗುವಿಗಿಂತ ಆಳಕ್ಕೆ ಇಳಿಯಿತು. ಇವನನ್ನು ಈ ಕುರ್ಚಿಯಿಂದ ಇಳಿಸದಿದ್ದರೆ ನಾನು ನಮ್ಮಪ್ಪನ ಮಗನೇ ಅಲ್ಲ ಎಂದು ಅಂಬಾದಾಸ ಅಂದೇ ನಿಶ್ಚಯಿಸಿದ.

ಅವಕಾಶವನ್ನು ತಂದುಕೊಟ್ಟವಳು ಹುಸೇನಮ್ಮ. ಅವಳಿಗೆ ಮಾತ್ರ ಇದರ ಗಂಧವೇ ಇರಲಿಲ್ಲ.

ಹುಸೇನಮ್ಮ ಲಿಂಗಸುಗೂರಿನ ಕಡೆಯ ಹೆಂಗಸು. ಕೂಕಟ್‌ಪಲ್ಲಿಯಲ್ಲಿ ಏಳುತ್ತಿದ್ದ ಒಂದು ದೊಡ್ಡ ಸರ್ಕಾರಿ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಳು. ಊಟದ ಬಿಡುವಿನಲ್ಲಿ ಬೂಲೂಗೆ ವಿಡಿಯೋ ಹಾಕುವುದು ಅವಳ ಚಟ. ಮೊದಮೊದಲು ಹಾಡು, ನಗೆಮಾತು. ಆಮೇಲೆ ಒಂದು ದಿನ ಅಲ್ಲಿ ಗೋಡೆ ಕುಸಿದು ಇಬ್ಬರು ಕೂಲಿಗಳು ಆಸ್ಪತ್ರೆ ಸೇರಿದರು. ಹುಸೇನಮ್ಮ ಆ ಗೋಡೆಯ ಮುಂದೆಯೇ ನಿಂತು, “ಸಾಹೇಬ್ರ, ಗ್ವಾಡಿ ಬಿದ್ದಾಗ ಎಲ್ಲಿದ್ರಿ? ಟೇಪ್ ಕಟ್ ಮಾಡಾಕ ಮಾತ್ರ ಬರ್ತೀರೇನು?” ಎಂದು ಕೇಳಿದಳು. ಆ ವಿಡಿಯೋ ಊರೂರು ಸುತ್ತಿತು. ಅಂಬಾದಾಸನ ಹೆಂಡತಿ ಶೈಲಾ ಕೂಡ ಅದನ್ನು ದಿನಕ್ಕೊಮ್ಮೆ ಹಾಕಿಕೊಂಡು ನೋಡುತ್ತಿದ್ದಳು.

ಒಂದು ಶುಕ್ರವಾರ ಸರ್ಕಾರದಿಂದ ಬೂಲೂ ಕಂಪನಿಗೆ ಆದೇಶ ಬಂತು. ಸಾರ್ವಜನಿಕ ಶಾಂತಿಗೆ ಭಂಗ ಬರುತ್ತದೆ, ಈ ಖಾತೆಯನ್ನು ಮುಚ್ಚಿ. ಆದೇಶದ ಸುದ್ದಿ ಹೊರಗೆ ಹೋಗಕೂಡದು. ಖಾತೆಯವಳಿಗೂ ಕಾರಣ ಹೇಳಕೂಡದು.

ಕಚೇರಿಯ ಗೋಡೆಯ ಮೇಲೆ ಐದು ಭಾಷೆಗಳಲ್ಲಿ ‘ನಿಮ್ಮ ದನಿ, ನಿಮ್ಮ ಹಕ್ಕು’ ಎಂಬ ದೊಡ್ಡ ಅಕ್ಷರಗಳಿದ್ದವು. ಹಿಂದೊಮ್ಮೆ ಇಂಥದೇ ಆದೇಶಕ್ಕೆ ಕಂಪನಿ ಬಗ್ಗದೆ ನಿಂತಿತ್ತು. ಆಗ ಅದರ ದಿಲ್ಲಿಯ ಮುಖ್ಯಸ್ಥರಿಗೆ ಪೊಲೀಸರ ನೋಟಿಸು ಬಂತು, ಆ್ಯಪನ್ನೇ ದೇಶದಿಂದ ಓಡಿಸುವ ಮಾತು ಬಂತು. ಅಂದಿನಿಂದ ಕಂಪನಿ ತುಟಿ ಪಿಟಕ್ ಎನ್ನದೆ ಮುಚ್ಚು ಎಂದದ್ದನ್ನು ಮುಚ್ಚುತ್ತಿತ್ತು. ತೆಲುಗು ವಿಭಾಗದವನೊಬ್ಬ ಇಂಥ ಆದೇಶವನ್ನು ಹೊರಗೆ ಹೇಳಿ ಕೆಲಸ ಕಳೆದುಕೊಂಡಿದ್ದ. ಈಗಲೂ ಕೋರ್ಟಿಗೆ ಅಲೆಯುತ್ತಿದ್ದ.

ಮುಚ್ಚುವ ಮೊದಲು ವಿಡಿಯೋಗಳ ಮಾತು ಆದೇಶದಲ್ಲಿ ಬರೆದಂತೆಯೇ ಇದೆಯೇ ಎಂದು ಇಬ್ಬರು ಕನ್ನಡದವರು ನೋಡಬೇಕಿತ್ತು. ಒಬ್ಬ ರವಿಕಿರಣ, ಇನ್ನೊಬ್ಬ ಅಂಬಾದಾಸ. ಅಂಬಾದಾಸ ಪರದೆಯನ್ನು ನೋಡಿದ, ಪಕ್ಕದಲ್ಲಿ ಆಕಳಿಸುತ್ತಿದ್ದ ರವಿಕಿರಣನನ್ನು ನೋಡಿದ. ಉಪಾಯ ತಾನಾಗಿಯೇ ಬಂದು ಎದುರಿಗೆ ಕೂತಿತು.

ಹುಸೇನಮ್ಮನಿಗೆ ಯಾರೋ ಗುಟ್ಟಾಗಿ ಸುದ್ದಿ ಮುಟ್ಟಿಸಬೇಕು. ಆ ಯಾರೋ ರವಿಕಿರಣನೇ ಎಂದು ಕಂಪನಿಗೆ ಅನಿಸಬೇಕು. ಅಷ್ಟೇ.

ಪ್ರತಿ ಶನಿವಾರ ಸಂಜೆ ರವಿಕಿರಣ ಅಮೀರ್‌ಪೇಟೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಹುಡುಗರಿಗೆ ಇಂಟರ್‌ವ್ಯೂ ಪಾಠ ಹೇಳುತ್ತಿದ್ದ. ಸೆಂಟರಿನ ವೈಫೈ ಕೆಳಗಿನ ಟಿಫಿನ್ ಹೋಟೆಲಿಗೂ ಸಿಗುತ್ತಿತ್ತು. ಪಾಸ್‌ವರ್ಡನ್ನು ಹುಡುಗರು ಮೆಟ್ಟಿಲ ಗೋಡೆಗೇ ಗೀಚಿಟ್ಟಿದ್ದರು. ಬೂಲೂದಲ್ಲಿ ಯಾವ ಖಾತೆ ಯಾವ ವೈಫೈಯಿಂದ ತೆರೆಯಿತೆಂದು ಕಂಪನಿಗೆ ಗೊತ್ತಾಗುತ್ತದೆ. ಗೊತ್ತಾಗಲಿ ಎಂದೇ ಅಂಬಾದಾಸನ ಆಸೆ.

ಅವನು ಹಳೆಯ ಮೊಬೈಲೊಂದನ್ನು ಸಂತೆಯಲ್ಲಿ ಕೊಂಡ. ಮಾಸ್ಕಿನ ಕಾಲ ಇನ್ನೂ ಮುಗಿದಿರಲಿಲ್ಲ. ಮುಖ ಮುಚ್ಚಿಕೊಂಡವನನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ತಾನು ಮನೆಯಲ್ಲೇ ಇದ್ದಂತೆ ತೋರಲೆಂದು ತನ್ನ ಸ್ವಂತ ಫೋನನ್ನು ಶೈಲಾಳ ಕೈಗೆ ಕೊಟ್ಟು, ಅವಳ ತವರಿಗೆ ವಿಡಿಯೋ ಕಾಲ್ ಹಚ್ಚಿಟ್ಟು ಬಂದ. ಆ ಮಾತು ಬೇಗ ಮುಗಿಯುವಂಥದಲ್ಲವೆಂದು ಅವನಿಗೆ ಗೊತ್ತಿತ್ತು.

ಮೇಲೆ ರವಿಕಿರಣನ ಪಾಠದ ದನಿ ಕೇಳುತ್ತಿತ್ತು. ಕೆಳಗೆ ಅಂಬಾದಾಸ ಇಡ್ಲಿ ಮುಂದಿಟ್ಟುಕೊಂಡು, ಬೂಲೂದಲ್ಲಿ ಹೆಸರಿಲ್ಲದ ಹೊಸ ಖಾತೆ ತೆರೆದು ರವಿಕಿರಣನಾದ. ರವಿಕಿರಣನ ಷರಾಗಳನ್ನೆಲ್ಲ ಅವನು ಉರು ಹೊಡೆದಿದ್ದ. ರವಿಕಿರಣ ‘ಗಮನಿಸಿ’ ಎಂದು ಶುರು ಮಾಡುತ್ತಾನೆ, ಹಾಗೇ ಶುರು ಮಾಡಿದ. ‘ನಿಮ್ಮ’ ಎನ್ನದೆ ‘ತಮ್ಮ’ ಎನ್ನುತ್ತಾನೆ, ಹಾಗೇ ಬರೆದ. ತಮ್ಮ ಖಾತೆಯನ್ನು ಸರ್ಕಾರದ ಆದೇಶದ ಮೇರೆಗೆ ಸ್ಥಗಿತಗೊಳಿಸಲಾಗುತ್ತಿದೆ. ಹಾಗಾಗಿ ವಿಡಿಯೋಗಳನ್ನು ಬೇರೆಡೆ ಉಳಿಸಿಕೊಳ್ಳತಕ್ಕದ್ದು. ಯಾವ ದಿನ, ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಎಂಬುದನ್ನೂ ಸೇರಿಸಿದ. ಕೊನೆಗೆ ‘ಇಂತಿ ಹಿತೈಷಿ’. ಮೂರು ಸಲ ಓದಿದ. ಒಂದು ‘ಐತಿ’ ಇಲ್ಲ, ಒಂದು ‘ಭಾಳ’ ಇಲ್ಲ. ಭಲೇ ಅಂಬಾದಾಸ! ಇದನ್ನು ಪಾಠದ ಪುಸ್ತಕದಲ್ಲಿ ಅಚ್ಚು ಹಾಕಿಸಬಹುದಿತ್ತು.

ಕಳಿಸಿದ ಮೇಲೆ ಮನೆಯ ದಾರಿಯ ಕೆರೆಗೆ ಮೊಬೈಲನ್ನು ಎಸೆದು, ಶೈಲಾಗೆ ಮಲ್ಲಿಗೆ ದಂಡೆ ತೆಗೆದುಕೊಂಡು ಹೋದ.

ಭಾನುವಾರ ಹುಸೇನಮ್ಮ ಲೈವ್ ಬಂದಳು. ಆ ಸಂದೇಶವನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

“ನೋಡ್ರಿ ಎವ್ವಾ, ನೋಡ್ರಿ ಅಣ್ಣಾರ! ನನ್ನ ಬಾಯಿ ಮುಚ್ಚಾಕತ್ತಾರ. ಯಾರೋ ದೇವರಂಥಾ ಮನಷ್ಯಾ ಮೊದಲೇ ಹೇಳ್ಯಾನ. ಅವನ ಹೊಟ್ಟಿ ತಣ್ಣಗಿರಲಿ!”

ಶೈಲಾ ಕಣ್ಣು ಒರೆಸಿಕೊಂಡಳು. “ಕೇಳಿದ್ರೇನ್ರಿ? ನಿಮ್ಮ ಆಫೀಸಿನ್ಯಾಗ ಯಾರೋ ಪುಣ್ಯಾತ್ಮ ಅದಾನ.”

“ಇರಬೇಕು,” ಎಂದ ಅಂಬಾದಾಸ. ಹೊಟ್ಟೆಯಲ್ಲಿ ನಿಜವಾಗಿಯೂ ತಂಪಾಯಿತು. ಒಳ್ಳೆಯ ಕೆಲಸ, ಒಳ್ಳೆಯ ಸೇಡು, ಎರಡೂ ಒಂದೇ ಏಟಿಗೆ!

ಆದರೆ ಸೋಮವಾರ ಕಚೇರಿಯ ಗಾಳಿಯೇ ಬೇರೆ ಇತ್ತು. ಹುಸೇನಮ್ಮನ ಖಾತೆ ಮುಚ್ಚಿಹೋಗಿತ್ತು, ಲೈವ್ ಮಾತ್ರ ಸಾವಿರಾರು ಕಡೆ ಓಡುತ್ತಿತ್ತು. ಕೂಕಟ್‌ಪಲ್ಲಿಯ ಕಟ್ಟಡದ ಮುಂದೆ ಕೂಲಿಗಳು ಧರಣಿ ಕೂತಿದ್ದರು. ಸರ್ಕಾರದವರು ದಿಲ್ಲಿಯ ಮುಖ್ಯಸ್ಥರನ್ನು ಕರೆಸಿ, ಗುಟ್ಟು ಒಡೆದವನನ್ನು ಈ ವಾರದೊಳಗೆ ಒಪ್ಪಿಸಿ, ಇಲ್ಲವಾದರೆ ನಿಮ್ಮನ್ನೇ ಒಳಗೆ ಹಾಕುತ್ತೇವೆ ಎಂದಿದ್ದರು. ಮುಖ್ಯಸ್ಥರು ಹೈದರಾಬಾದಿನವರ ಕತ್ತು ಹಿಡಿದರು. ಹೈದರಾಬಾದಿನವರಿಗೆ ಹಿಡಿಯಲು ಒಂದು ಕತ್ತು ಬೇಕಿತ್ತು. ದಾಖಲೆ ತೆರೆದರೆ ಅಮೀರ್‌ಪೇಟೆ, ಶನಿವಾರ ಸಂಜೆ, ಕೋಚಿಂಗ್ ಸೆಂಟರು. ರವಿಕಿರಣನ ಕತ್ತು ತಾನಾಗಿಯೇ ಅವರ ಕೈಗೆ ಬಂತು.

ಕೆಲಸ ಹೋದರೆ ಸಾಕು ಎಂದುಕೊಂಡಿದ್ದ ಅಂಬಾದಾಸ. ಪೊಲೀಸ್, ಜೈಲು, ಇದೆಲ್ಲ ಅವನ ಲೆಕ್ಕದಲ್ಲಿ ಇರಲಿಲ್ಲ. ಕಾವಲಿನವರು ರವಿಕಿರಣನನ್ನು ಬಾಗಿಲಿಗೆ ಕರೆದೊಯ್ಯುವಾಗ ಅವನು ಅಂಬಾದಾಸನ ಮೇಜಿನ ಬಳಿ ನಿಂತ. ಮುಖ ಬಿಳಿಚಿಕೊಂಡಿತ್ತು.

“ಅಂಬಾದಾಸ್ ಅವರೇ, ನೀವೇ ಹೇಳಿ. ನಾನು ಅಂಥವನಾ? ಆ ಹೆಂಗಸಿನ ಭಾಷೆನೇ ನಂಗೆ ಸರಿಯಾಗಿ ತಿಳಿಯಲ್ಲ, ಅವಳಿಗೋಸ್ಕರ ನಾನ್ಯಾಕೆ ಜೈಲಿಗೆ ಹೋಗಲಿ? ಮನೇಲಿ ಹೆಂಡತಿ ವರ್ಷಾ ತುಂಬು ಬಸುರಿ...”

ಅಂಬಾದಾಸ ಕುರ್ಚಿಯಿಂದ ಎದ್ದು ನಿಂತ. ಈಗ ಬಾಯಿ ಬಿಟ್ಟರೆ ಆ ಬಾಗಿಲಿನಿಂದ ತಾನೇ ಹೋಗಬೇಕು. ಬಿಡದಿದ್ದರೆ ಈ ಮುಖ ದಿನಾ ಕನಸಿಗೆ ಬರುತ್ತದೆ. ಹಿಂದಕ್ಕೂ ದಾರಿಯಿಲ್ಲ, ಮುಂದಕ್ಕೂ ಇಲ್ಲ. ಕೊನೆಗೆ, “ಎಲ್ಲ ಸರಿಹೋಗುತ್ತದೆ ಸರ್” ಎಂದ, ಅಚ್ಚುಕಟ್ಟಾದ ಕನ್ನಡದಲ್ಲಿ.

ಮರುದಿನವೇ ಅವನನ್ನು ತಾತ್ಕಾಲಿಕವಾಗಿ ರವಿಕಿರಣನ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿ ಮೆತ್ತಗಿತ್ತು, ಆದರೆ ಬೆನ್ನು ಯಾಕೋ ಆನುತ್ತಿರಲಿಲ್ಲ. ಪ್ರತಿ ಸಲ ಬಾಗಿಲು ತೆರೆದಾಗಲೂ ಅತ್ತ ತಿರುಗಿ ನೋಡುತ್ತಿದ್ದ. ಹೆದರಬೇಡ ಹುಚ್ಚಾ ಎಂದು ತನಗೆ ತಾನೇ ಹೇಳಿಕೊಂಡ. ಮೊಬೈಲು ಕೆರೆಯಲ್ಲಿದೆ, ಮುಖಕ್ಕೆ ಮಾಸ್ಕಿತ್ತು, ಬರಹ ರವಿಕಿರಣನದು. ಇನ್ನೇನು ಉಳಿದಿದೆ?

ಗುರುವಾರ ಕಾನೂನು ವಿಭಾಗದ ಪ್ರೇಮಾ ಮೇಡಂ ಅವನನ್ನು ಕರೆದರು. ಅವರೂ ಕನ್ನಡದವರೇ, ಹಾಸನದ ಕಡೆಯವರು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಮೇಲೆ ಹುಸೇನಮ್ಮನಿಗೆ ಹೋದ ಸಂದೇಶ, ಕೆಳಗೆ ಯಂತ್ರ ಮಾಡಿದ ಇಂಗ್ಲಿಷ್ ಅನುವಾದ.

“ಪೊಲೀಸರಿಗೂ ವಿದೇಶದ ಆಫೀಸಿಗೂ ಇದನ್ನೇ ಕಳಿಸಬೇಕು,” ಎಂದರು. “ನೀವು ಈಗ ಮುಖ್ಯಸ್ಥರು. ಎರಡನ್ನೂ ನೋಡಿ, ಎಲ್ಲೆಲ್ಲಿ ತಪ್ಪಿದೆಯೋ ತಿದ್ದಿ ಸಹಿ ಮಾಡಿಕೊಡಿ.”

ಅಂಬಾದಾಸ ಒಳಗೊಳಗೇ ನಿಟ್ಟುಸಿರಿಟ್ಟ. ತನ್ನದೇ ಬರಹವನ್ನು ತಾನೇ ತಿದ್ದುವುದು! ಕನ್ನಡದಲ್ಲಿ ತಿದ್ದಲು ಏನೂ ಇರಲಿಲ್ಲ. ಇಂಗ್ಲಿಷಿನಲ್ಲಿ ಒಂದೇ ಒಂದು ತಪ್ಪು ಕಂಡಿತು. ಖಾತೆ ಮುಚ್ಚುವ ಹೊತ್ತನ್ನು ಯಂತ್ರ ‘ಡಾನ್, ಹನ್ನೊಂದು ಗಂಟೆ’ ಎಂದು ಬರೆದಿತ್ತು. ನಸುಕಿನ ಹನ್ನೊಂದು ಗಂಟೆ! ಅವನಿಗೆ ನಗು ಬಂತು. ‘ಡಾನ್’ ಹೊಡೆದು ‘ಮಾರ್ನಿಂಗ್’ ಎಂದು ಬರೆದು ಸಹಿ ಹಾಕಿದ.

“ಈ ಮಷೀನಿಗೆ ಅಷ್ಟೂ ತಿಳಿಯೋದಿಲ್ಲ ನೋಡ್ರಿ ಮೇಡಂ,” ಎಂದ. “ಉಳಿದದ್ದೆಲ್ಲ ಸರಿ ಇದೆ.”

ಪ್ರೇಮಾ ಮೇಡಂ ನಗಲಿಲ್ಲ. ಇನ್ನೊಂದು ಹಾಳೆಯನ್ನು ಅವನ ಮುಂದೆ ಇಟ್ಟರು. “ನಿನ್ನೆ ರವಿಕಿರಣ್‌ನ ಕರೆಸಿ ಅವರಿಗೂ ಇದನ್ನೇ ಕೊಟ್ಟಿದ್ದೆ. ಅವರು ಇಂಗ್ಲಿಷ್ ಮುಟ್ಟಲೇ ಇಲ್ಲ, ಕನ್ನಡದ ಪದಕ್ಕೇ ಗೀಟು ಹಾಕಿದ್ರು,” ಎಂದರು. ಹಾಳೆಯಲ್ಲಿ ‘ಮುಂಜಾನೆ ಹನ್ನೊಂದು ಗಂಟೆಗೆ’ ಎಂಬಲ್ಲಿ ಮುಂಜಾನೆಗೆ ಕೆಂಪು ಗೀಟು ಬಿದ್ದಿತ್ತು. ಪಕ್ಕದಲ್ಲಿ ರವಿಕಿರಣನ ದುಂಡು ಅಕ್ಷರ: ‘ತಪ್ಪು. ಬೆಳಿಗ್ಗೆ ಎಂದಿರಬೇಕು. ಮುಂಜಾನೆ ಎಂದರೆ ಬೆಳಕು ಹರಿಯುವ ಹೊತ್ತು.’ “ನಮ್ಮ ಮನೇಲೂ ಹಾಗೇನೇ ಅಂಬಾದಾಸ್,” ಎಂದರು ಮೇಡಂ. “ಹನ್ನೊಂದು ಗಂಟೆಗೆ ಮುಂಜಾನೆ ಅನ್ನೋದು ನಿಮ್ಮ ಕಡೆಯವರು ಮಾತ್ರ. ನಿಮ್ಮ ವಿಭಾಗದಲ್ಲಿ ಈ ಆದೇಶ ನೋಡಿದೋರು ನೀವಿಬ್ಬರೇ. ನಿಮಗೆ ಇದರಲ್ಲಿ ತಪ್ಪೇ ಕಾಣಲಿಲ್ಲ.” ಅಂಬಾದಾಸ ತನ್ನ ಸಹಿಯನ್ನು ನೋಡಿದ. ಹುಟ್ಟಿದಾಗಿನಿಂದ ಅವನಿಗೆ ಊಟದ ಹೊತ್ತಿನವರೆಗೂ ಮುಂಜಾನಿಯೇ. ಆ ಸಂಜೆ ಇಡ್ಲಿಯ ಮುಂದೆ ಕೂತು ಅವನು ‘ನಿ’ ಇದ್ದದ್ದನ್ನು ಜೋಪಾನವಾಗಿ ‘ನೆ’ ಮಾಡಿದ್ದ, ಅಷ್ಟಕ್ಕೆ ಅದು ಶುದ್ಧವಾಯಿತು ಎಂದುಕೊಂಡಿದ್ದ. ಅನುಮಾನ ಬರುವುದಾದರೂ ಹೇಗೆ? ಆ ಪದಕ್ಕೆ ಮಾತ್ರ ರವಿಕಿರಣ ಎಂದೂ ನಕ್ಕಿರಲಿಲ್ಲ.