ಬೋಲ್ಟಿನ ಅಡಿಯ ಕೆಂಪು ಬಣ್ಣ

"ಬರ್ರಿ ಕಸ್ತೂರಮ್ಮೋರೆ! ಕಳ್ಳನ ಗ್ಯಾರೇಜಿಗೆ ದಾರಿ ತಪ್ಪಿ ಬಂದ್ರೇನು?"

ಬೆನಕಪ್ಪ ತಲೆಯನ್ನೇ ಎತ್ತಲಿಲ್ಲ. ಸಂತೇಬೆನ್ನೂರಿನ ಆ ತಗಡಿನ ಗ್ಯಾರೇಜಿನ ಮುಂದೆ ಕಸ್ತೂರಿ ಬರಿಗಾಲಲ್ಲಿ ಏದುಸಿರು ಬಿಡುತ್ತಿದ್ದಳು.

ಒಂದು ವಾರದ ಹಿಂದೆ ಇದೇ ಬಾಯಿ ನನ್ನನ್ನು ಬರೀ 'ಕಸ್ತೂರಿ' ಅಂತಿತ್ತಲ್ಲ...

"ಅತ್ತಿಗೆಗೆ ಬೆಳಗಿಂದ ಹೆರಿಗೆ ನೋವು ರೀ... ಮಗು ಅಡ್ಡ ಐತಂತೆ! ಸೂಲಗಿತ್ತಿ ಗಾದ್ರಮ್ಮ ಕೈ ಚೆಲ್ಲಿದ್ಲು. ದಾವಣಗೆರೆ ಆಸ್ಪತ್ರೆಗೆ ಒಯ್ಯಾಕೆ ಜೀಪೇ ಸ್ಟಾರ್ಟ್ ಆಗ್ತಾ ಇಲ್ಲ!"

"ಬ್ಯಾಟರಿ ಕದ್ದೋನ್ನ ಕೇಳಾಕೆ ಬಂದೀರಲ್ಲ, ಭೇಷ್!"

ಆ ಮಾತು ನೇರ ಎದೆಗೇ ನಾಟಿತು.

ಹಬ್ಬಕ್ಕೆ ಮೊದಲು ಅವರ ಡೀಸೆಲ್ ಜೀಪಿಗೆ ಹೊಸ ಬ್ಯಾಟರಿ ಕೂರಿಸಿದವನು ಬೆನಕ. ಆಯುಧಪೂಜೆಯ ಮರುದಿನವೇ ಜೀಪು ಮುಲುಕತೊಡಗಿತು. "ಹೊಸದು ಅಂತ ಹಳೇದು ಕೂರ್ಸಿದ್ಯಲ್ಲೋ ಕಳ್ಳ!" ಎಂದು ಕಸ್ತೂರಿಯ ಅಪ್ಪ ಷಣ್ಮುಖಪ್ಪ ಊರ ಮುಂದೆ ಅವನ ಕೊರಳಪಟ್ಟಿ ಹಿಡಿದಿದ್ದ. ಬಾನೆಟ್ ಎತ್ತಿ ನೋಡಲೂ ಬಿಟ್ಟಿರಲಿಲ್ಲ.

ಆಗ ಬೆನಕ ಅವಳತ್ತ ನೋಡಿದ್ದ. ಅವಳು ಕಂಬದ ಹಿಂದೆ ಬೊಂಬೆಯ ಹಾಗೆ ನಿಂತುಬಿಟ್ಟಿದ್ದಳು!

"ನನ್ನ ಮೇಲಿನ ಸಿಟ್ಟು ಆಮೇಲೆ ತೀರಿಸ್ಕಳ್ರಿ... ಜೀವಮಾನ ಪೂರ್ತಿ ತೀರಿಸ್ಕಳ್ರಿ! ಈಗ ಬರ್ರಿ, ಕೈ ಮುಗೀತೀನಿ..."

ಬೆನಕ ಸ್ಪ್ಯಾನರ್ ಚೀಲ ಹೆಗಲಿಗೇರಿಸಿದ. ಪರದೆಯ ಮೇಲೆ ಡೈಲಾಗ್ ಹೊಡೆಯುವ ಹೀರೋಗಳು ನೂರು ಜನ ಸಿಗುತ್ತಾರೆ. ಬೈಸಿಕೊಂಡ ಮನೆಗೇ ಓಡಿ ಹೋಗುವವನು ಒಬ್ಬನೇ!

ಹಿತ್ತಿಲಲ್ಲಿ ಎಂಟು ಜನ ತಳ್ಳಿ ತಳ್ಳಿ ಜೀಪಿನ ಚಕ್ರಗಳನ್ನು ಕೆಸರಿಗೆ ಇಳಿಸಿಬಿಟ್ಟಿದ್ದರು. ಒಳಗಿನಿಂದ ಅತ್ತಿಗೆಯ ನರಳಾಟ... ಕ್ಷಣಕ್ಷಣಕ್ಕೂ ಕ್ಷೀಣವಾಗುತ್ತಿತ್ತು.

"ಲೈಟ್ ಹಾಕ್ಕಂಡು ಸೆಲ್ಫ್ ಹೊಡೀರಿ ಗೌಡ್ರೆ," ಎಂದ ಬೆನಕ, ಸ್ಟೇರಿಂಗಿನಲ್ಲಿ ಕೂತಿದ್ದ ಷಣ್ಮುಖಪ್ಪನಿಗೆ.

ಕುರ್ರ್... ಕುರ್ರ್... ಲೈಟು ಕಣ್ಣು ಮುಚ್ಚಿತು.

ಬೆನಕ ಬ್ಯಾಟರಿಯ ವೈರುಗಳನ್ನು ಮುಟ್ಟಿ ನೋಡುತ್ತಾ ಹೋದ. ಒಂದು ತಣ್ಣಗಿತ್ತು. ಇನ್ನೊಂದರ ತುದಿ...

"ಹಾ! ಸುಡ್ತೈತೆ! ಬ್ಯಾಟರಿ ಗಟ್ಟಿ ಐತೆ, ಅರ್ತ್ ವೈರಿನ ಬುಡದಾಗೆ ಕರೆಂಟು ಸಿಕ್ಕಾಕ್ಕಂಡೈತೆ."

ಬೋಲ್ಟ್ ಬಿಚ್ಚಿದ. ಅಡಿಯಲ್ಲಿ ಕಬ್ಬಿಣವೇ ಕಾಣದಷ್ಟು, ಕರೆಂಟೇ ದಾಟದಷ್ಟು ದಪ್ಪಗೆ ಹೊಸ ಕೆಂಪು ಬಣ್ಣ!

ಕಸ್ತೂರಿ ಬಗ್ಗಿ ನೋಡಿದಳು. ಅದೇ ಬಣ್ಣ!

ಹಬ್ಬಕ್ಕೆ ಜೀಪು ಮದುವಣಗಿತ್ತಿಯಂತೆ ಕಾಣಲಿ ಎಂದು ಬಣ್ಣ ಬಳಿದವಳು ಅವಳೇ. ಒಂದಿಂಚೂ ಬಿಡಬಾರದು ಎಂದು, ಬೆನಕನೇ ಪ್ರೀತಿಯಿಂದ ಕೊಟ್ಟಿದ್ದ ಸ್ಪ್ಯಾನರಿನಲ್ಲಿ ಆ ಬೋಲ್ಟ್ ಬಿಚ್ಚಿ, ಬಳಿದು, ಮತ್ತೆ ಬಿಗಿದವಳೂ ಅವಳೇ!

ಅವನು ಬಣ್ಣ ನೋಡಿದ. ಅವಳನ್ನು ನೋಡಿದ. ಕಬ್ಬಿಣ ಹೊಳೆಯುವ ತನಕ ಕೆರೆದು, ವೈರು ಬಿಗಿದ.

"ಈಗ ಹೊಡೀರಿ."

ಗುರ್ರ್ರ್ರ್! ಜೀಪು ಗುಡುಗಿತು. ಹೆಂಗಸರು ಅತ್ತಿಗೆಯನ್ನು ಎತ್ತಿಕೊಂಡು ಬಂದು ಮಲಗಿಸಿದರು.

"ಏನಾಗಿತ್ತಪ್ಪಾ?" ಷಣ್ಮುಖಪ್ಪನ ತಲೆ ತಗ್ಗಿತ್ತು.

"ತುಕ್ಕು ಗೌಡ್ರೆ. ಹೊರಡ್ರಿ."

ಅಯ್ಯೋ ಶಿವನೇ! ನನ್ನಿಂದ ಕಳ್ಳ ಅನ್ನಿಸಿಕೊಂಡೂ ನನ್ನನ್ನೇ ಕಾಯ್ತಾನಲ್ಲ!

ಅಂದು ಅಂಟಿಕೊಂಡಿದ್ದ ನಾಲಿಗೆ ಇಂದು ಬಿಚ್ಚಿತು.

"ಸುಳ್ಳು ಅಪ್ಪಾಜಿ! ತುಕ್ಕಲ್ಲ, ನಾನು ಬಳಿದ ಬಣ್ಣ! ಇವ್ರು ಕಳ್ರಲ್ಲ... ನನಗೆ ಬೇಕಾದೋರು!"

ಜೀಪಿನೊಳಗಿನಿಂದ ಅತ್ತಿಗೆ ಹಲ್ಲು ಕಚ್ಚಿ ಚೀರಿದಳು.

"ಯಮ್ಮಾ... ಲಗ್ನದ ಮಾತು ಆಮೇಲೆ ಆಡ್ರೇ! ಮೊದ್ಲು ನನ್ನ ಒಯ್ರಿ!"

ಸ್ಟೇರಿಂಗಿಗೆ ಬೆನಕನೇ ಕೂತ.

ಸಂಜೆ, ಆಸ್ಪತ್ರೆಯ ಪಡಸಾಲೆ. ಮುಚ್ಚಿದ ಬಾಗಿಲು. ಕಸ್ತೂರಿ ಸೆರಗು ಕಚ್ಚಿ ನಿಂತಿದ್ದಳು. ಕೊನೆಗೂ... ಕೂಸಿನ ಅಳು! ನರ್ಸಮ್ಮ ಹೊರಗೆ ಬಂದು, ತಾಯಿ ಮಗು ಇಬ್ಬರೂ ಆರಾಮ ಎಂದರು.

ಷಣ್ಮುಖಪ್ಪ ಬೆನಕನ ಮಸಿಗೈ ಹಿಡಿದ. "ತಪ್ಪಾತಪ್ಪಾ..." ಎಂದು ಮೊಮ್ಮಗುವನ್ನು ನೋಡಲು ಒಳಗೆ ನಡೆದ.

ಇಬ್ಬರೇ ಉಳಿದರು.

"ಸಿಟ್ಟು ತೀರಿತೇನ್ರಿ?"

"ಇಲ್ಲ. ಜೀವಮಾನ ಪೂರ್ತಿ ಅಂದಿದ್ರಲ್ಲ... ಇವತ್ತಿಂದ ಶುರು."

ಅವಳ ಕಣ್ಣೀರು ಜಾರಿತು, ನಗುವಿನ ಜೊತೆಗೇ.

"ಕಸ್ತೂರಿ..."

"ಊಂ?"

"ನಮ್ಮ ಲಗ್ನಕ್ಕೆ ಮಾತ್ರ ಜೀಪಿಗೆ ಬಣ್ಣ ಬಳೀಬ್ಯಾಡ ಮಾರಾಯ್ತಿ!"