ಇವರೂ ಬರೆದಿದ್ದರು

"ಅಸ್ತಮಾನ ಎಷ್ಟು ಗಂಟೆಗೆ ಅಂತ ಹೇಳಿದ್ರೆ ಒಳ್ಳೇದು. ನನಗೆ ಐದೂವರೆ ರೈಲಿದೆ."

ಮೂರನೆಯ ಸಾಲಿನಿಂದ ಎದ್ದುನಿಂತ ಹೆಂಗಸು ಹೀಗೆ ಕೇಳಿದಾಗ ಡೆಸ್ಮಂಡ್ ಟ್ರೆಲೋರ್ ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟ. ಅವಳ ತಟ್ಟೆಯಲ್ಲಿ ಅರ್ಧ ತಿಂದ ಲ್ಯಾಮಿಂಗ್ಟನ್ ಕೇಕು ಇತ್ತು. ತೋಳಿನ ಮೇಲೆ ಕೊಬ್ಬರಿತುರಿ ಉದುರಿತ್ತು.

"ತಾವು...?"

"ಲೋರ್ನಾ ಪಿಕೆರಿಂಗ್. ಇಷ್ಟೊತ್ತು ನೀವು ಮುಳುಗಿಸಿದ್ದು ನನ್ನನ್ನೇ."

ಅದು ೧೯೭೪ರ ಈಸ್ಟರ್. ಮೆಲ್ಬರ್ನ್‌ನ ಹೋಟೆಲೊಂದರಲ್ಲಿ ವೈಜ್ಞಾನಿಕ ಕಥೆಗಳ ಹುಚ್ಚರೆಲ್ಲ ವರ್ಷಕ್ಕೊಮ್ಮೆ ಸೇರುವ ಸಮ್ಮೇಳನ. ಡೆಸ್ಮಂಡ್ ಓದಿದ್ದು 'ಪಿಕೆರಿಂಗ್ ಕಥಾಲೋಕ: ಉದಯ, ಮಧ್ಯಾಹ್ನ, ಅಸ್ತಮಾನ' ಎಂಬ ನಲವತ್ತು ನಿಮಿಷದ ಪ್ರಬಂಧ. ಎರಡು ಕಾದಂಬರಿ, ಹನ್ನೊಂದು ಕಥೆ ಬರೆದ ಲೇಖಕಿ ಒಂಬತ್ತು ವರ್ಷಗಳಿಂದ ಮೌನವಾಗಿದ್ದಾಳೆ. ಆ ಮೌನ ಒಂದು ದಾರ್ಶನಿಕ ಹತಾಶೆ ಎಂದು ಅವನು ಸಾಧಿಸಿದ್ದ. ಲೇಖಕಿ ಒಂದು ಗಂಟೆಯ ದಾರಿಯ ಜೀಲಾಂಗ್‌ನಲ್ಲಿದ್ದಾಳೆ, ಕೇಳಿದರೆ ಹೇಳುತ್ತಾಳೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ವಿಮರ್ಶಕರಿಗೆ ಅದು ಸಾಮಾನ್ಯವಾಗಿ ಹೊಳೆಯುವುದಿಲ್ಲ.

"ಹತಾಶೆ ಏನೂ ಇಲ್ಲ," ಎಂದಳು ಲೋರ್ನಾ. "ಯಾರೂ ಓದ್ತಿಲ್ಲ ಅಂತ ನಿಲ್ಲಿಸ್ದೆ."

ಸಭೆ ನಕ್ಕಿತು. ಡೆಸ್ಮಂಡ್ ನಗಲಿಲ್ಲ.

"ನಾನು ಓದ್ತಿದ್ದೆ," ಎಂದ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಲೋರ್ನಾ ಆ ಎರಡು ಪದಗಳನ್ನು ಮತ್ತೆ ಮತ್ತೆ ಕೇಳಿಸಿಕೊಂಡಳು. ಎಂಥ ಒಣಕಲು ಮನುಷ್ಯ... ಆದರೂ ಎರಡನೆಯ ಕಾದಂಬರಿಯ ಕೊನೆಯ ಸಾಲು ಅವನಿಗೆ ಬಾಯಿಪಾಠವಾಗಿತ್ತಲ್ಲ?

ಡೆಸ್ಮಂಡ್ ಹಗಲು ಜಲಮಂಡಳಿಯಲ್ಲಿ ನಕ್ಷೆ ಬರೆಯುತ್ತಿದ್ದ. ಉಳಿದ ಹೊತ್ತಿನಲ್ಲಿ ಫುಟ್ಸ್‌ಕ್ರೇಯ ತನ್ನ ಮನೆಯಿಂದ 'ಮೂರನೇ ಚಂದ್ರ' ಎಂಬ ಸೈಕ್ಲೋಸ್ಟೈಲ್ ಪತ್ರಿಕೆ ಹೊರಡಿಸುತ್ತಿದ್ದ. ಅದಕ್ಕೆ ಬೆಲೆ ಇರಲಿಲ್ಲ. ಓದಿ ಕಾಗದ ಬರೆದವರಿಗೆ ಮುಂದಿನ ಸಂಚಿಕೆ. ಬರೆಯದವರ ಹೆಸರು ಪಟ್ಟಿಯಿಂದ ಹೊರಗೆ. ಕಾಗದಗಳು ಕೊನೆಯ ಪುಟಗಳಲ್ಲಿ ಅಚ್ಚಾಗುತ್ತಿದ್ದವು, ಪ್ರತಿಯೊಂದರ ಕೆಳಗೆ ಸಂಪಾದಕನ ಉತ್ತರ. ಎಲ್ಲರೂ ಮೊದಲು ತೆರೆಯುತ್ತಿದ್ದುದು ಆ ಪುಟಗಳನ್ನೇ, ತಮ್ಮ ಹೆಸರು ಹುಡುಕಲು.

ಲೋರ್ನಾ ಅಲ್ಲಿಯೇ ಜಗಳಕ್ಕಿಳಿದಳು. ತನ್ನ ಕಥೆಗಳಲ್ಲಿ ಬರುವ ಗಾಳಿಯಿಲ್ಲದ ಗ್ರಹ, ಅವನು ಹೇಳಿದಂತೆ ಮರುಭೂಮಿಯ ಭಯದಿಂದ ಹುಟ್ಟಿದ್ದಲ್ಲ, ಕಿಟಕಿಯಿಲ್ಲದ ತನ್ನ ಬಟ್ಟೆ ಒಗೆಯುವ ಕೋಣೆಯಿಂದ ಹುಟ್ಟಿದ್ದು ಎಂದು ಬರೆದಳು. ಲೇಖಕಿಯ ಮಾತನ್ನು ಸಾಕ್ಷ್ಯವಾಗಿ ಪರಿಗಣಿಸಬಹುದು, ತೀರ್ಪಾಗಿ ಅಲ್ಲ ಎಂದು ಅವನು ಕೆಳಗೆ ಉತ್ತರಿಸಿದ. ಕೋಪಕ್ಕೇ ಅವಳು ಹೊಸ ಕಾದಂಬರಿ ಶುರುಮಾಡಿದಳು. ಅವಳು ಕಳಿಸಿದ ಕರಡು ಓದಿ ಅವನು ಮೂರನೆಯ ಅಧ್ಯಾಯ ಸತ್ತಿದೆ ಎಂದ. ಅವಳು ಎರಡು ದಿನ ಅತ್ತು, ಮೂರನೆಯ ದಿನ ಅದನ್ನು ತಿದ್ದಿದಳು. ಹೊಸ ಕರಡನ್ನು ಅವನಿಗೆ ಕಳಿಸಿದಳು, ಚೆನ್ನಾಗಿ ಬಂತೆಂದು ಮಾತ್ರ ತಿಳಿಸಲಿಲ್ಲ.

ಆರು ಸಂಚಿಕೆ ಹೀಗೆ ನಡೆಯಿತು. ಇವರಿಬ್ಬರಿಗೆ ಏನಾಗುತ್ತಿದೆ ಎಂದು ಇನ್ನೂರು ಓದುಗರಿಗೆ ಗೊತ್ತಿತ್ತು, ಇವರಿಬ್ಬರನ್ನು ಬಿಟ್ಟು.

ಕೊನೆಗೊಂದು ಬೆಳಿಗ್ಗೆ ಲೋರ್ನಾ ಹಾಳೆಯ ನೆತ್ತಿಯಲ್ಲಿ 'ಅಚ್ಚಿಗಲ್ಲ' ಎಂದು ಬರೆದಳು. ಪತ್ರಿಕೆಗಳವರಲ್ಲಿ ಅದೊಂದು ನಿಯಮ: ಆ ಗುರುತಿದ್ದರೆ ಸಂಪಾದಕ ಕಾಗದದ ಒಂದಕ್ಷರವನ್ನೂ ಪ್ರಕಟಿಸುವಂತಿಲ್ಲ. ಕೆಳಗೆ ನಾಲ್ಕೇ ಸಾಲು: ಈ ಜಗಳ ನಿಂತರೆ ನಾನೇನು ಮಾಡಲಿ ತಿಳಿಯದು. ಈಗ ಬರೆಯುವುದೆಲ್ಲ ನಿಮಗೋಸ್ಕರವೇ. ನಿಮಗೂ ಹೀಗೇ ಆಗಿದೆಯೇ? ಹೇಳಿ.

ಏಳು ವಾರ ಉತ್ತರವಿಲ್ಲ. ಆಮೇಲೆ ಸಂಚಿಕೆ ಬಂತು.

ಅವಳೂ ಎಲ್ಲರ ಹಾಗೆ ಕೊನೆಯ ಪುಟ ತೆರೆದಳು. ಅಚ್ಚಾಗದ ಕಾಗದಗಳನ್ನು ಬರೆದವರ ಹೆಸರುಗಳು 'ಇವರೂ ಬರೆದಿದ್ದರು' ಎಂಬ ತಲೆಬರಹದಡಿ ಸಣ್ಣಕ್ಷರದಲ್ಲಿರುತ್ತವೆ. ಅಲ್ಲಿದ್ದಳು ಲೋರ್ನಾ ಪಿಕೆರಿಂಗ್, ಹೋಬಾರ್ಟ್‌ನ ಒಬ್ಬ ದಂತವೈದ್ಯನಿಗೂ ವಾಗಾದ ಒಬ್ಬ ಪಾದ್ರಿಗೂ ನಡುವೆ.

ಇದೇ ಉತ್ತರ... ಅವನಿಗೆ ನಾನೂ ಒಂದು ಹೆಸರು, ಅಷ್ಟೇ.

ಪತ್ರಿಕೆಯನ್ನು ಮಡಚಿ ಇಸ್ತ್ರಿಪೆಟ್ಟಿಗೆಯ ಅಡಿಗಿಟ್ಟಳು. ಎರಡು ತಿಂಗಳು ಕಾಗದವನ್ನೂ ಬರೆಯಲಿಲ್ಲ, ಕಾದಂಬರಿಯನ್ನೂ.

ಅದೇ ಪತ್ರಿಕೆ ಓದುವ ಗೆಳತಿ ನೋಯೆಲಿನ್ ಫೋನ್ ಮಾಡಿದ್ದು ಒಂದು ಶುಕ್ರವಾರ.

"ಅಲ್ಲ ಕಣೇ, ಟ್ರೆಲೋರ್ ನಿನ್ನ ಮೇಲೆ ಬರೆಯೋದೇ ಬಿಟ್ಟನಲ್ಲ, ನೀನು ತುಟಿ ಪಿಟಕ್ಕೆನ್ನಲಿಲ್ಲ?"

"ಬಿಟ್ರೆ ಬಿಡಲಿ."

"ಹದಿನಾಲ್ಕನೇ ಪುಟ ಓದಿದ್ಯೋ ಇಲ್ವೋ?"

"ಕಾಗದದ ಪುಟ ಓದ್ದೆ. ಸಾಕಾಯ್ತು."

"ಹೋಗು, ಓದು. ಆಮೇಲೆ ನನಗೆ ಫೋನ್ ಮಾಡಬೇಡ, ಅವನಿಗೆ ಮಾಡು," ಎಂದು ನೋಯೆಲಿನ್ ಫೋನ್ ಇಟ್ಟುಬಿಟ್ಟಳು.

ಹದಿನಾಲ್ಕನೆಯ ಪುಟದಲ್ಲಿ ಅವಳ ಹೊಸ ಕರಡಿನ ಮೇಲೊಂದು ಲೇಖನವಿತ್ತು. ಎಂದಿನ ಬಿಗಿ, ಎಂದಿನ ಅಡಿಟಿಪ್ಪಣಿ. ಕೊನೆಯ ಪ್ಯಾರಾವನ್ನು ಅವಳು ಎರಡು ಸಲ ಓದಿದಳು.

'ವಿಮರ್ಶಕನಿಗೂ ಲೇಖಕಿಗೂ ನಡುವೆ ಒಂದು ಅಂತರ ಬೇಕು. ನನ್ನಲ್ಲಿ ಅದು ಉಳಿದಿಲ್ಲ. ಆದ್ದರಿಂದ ಪಿಕೆರಿಂಗ್ ಅವರ ಕೃತಿಗಳ ಬಗ್ಗೆ ಇದು ನನ್ನ ಕೊನೆಯ ಲೇಖನ. ಅಸ್ತಮಾನ ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಇತ್ತೀಚೆಗೆ ನನಗೆ ಬಂದ ಒಂದು ಪ್ರಶ್ನೆಗೆ ಉತ್ತರ: ಹೌದು, ಬಹಳ ದಿನಗಳಿಂದ.'

ಲೋರ್ನಾ ಫೋನ್ ಮಾಡಲಿಲ್ಲ. ಮರುದಿನ ಬೆಳಗಿನ ರೈಲು ಹತ್ತಿದಳು.

ಫುಟ್ಸ್‌ಕ್ರೇಯ ಮನೆಯಲ್ಲಿ ಅಂದು ಹೊಸ ಸಂಚಿಕೆಯ ಪುಟ ಜೋಡಿಸುವ ಕೆಲಸ. ಊಟದ ಮೇಜಿನ ಸುತ್ತ ಹಾಳೆಗಳ ಕಟ್ಟುಗಳು. ಮೇಜನ್ನು ಸುತ್ತುತ್ತ ಒಂದೊಂದೇ ಹಾಳೆ ಎತ್ತಿಕೊಳ್ಳಬೇಕು. ಡೆಸ್ಮಂಡ್ ಒಬ್ಬನೇ ಸುತ್ತುತ್ತಿದ್ದ, ಮೊಣಕೈವರೆಗೆ ಮಸಿ. ಅವಳನ್ನು ಕಂಡು ನಿಂತ.

"ಉತ್ತರ ಬರೆದು ಎರಡು ತಿಂಗಳಾಯ್ತು," ಎಂದ. "ನಿಮಗೆ ಬೇಡವಾಗಿತ್ತು ಅನ್ಕೊಂಡೆ."

"ಉತ್ತರಾನ ಹದಿನಾಲ್ಕನೇ ಪುಟದಲ್ಲಿ ಬಚ್ಚಿಟ್ರೆ ಯಾರು ಓದ್ತಾರೆ? ಒಂದು ಕಾಗದ ಹಾಕೋಕಾಗ್ಲಿಲ್ವಾ?"

"ನಾಲ್ಕು ಬರೆದೆ. ನಾಲ್ಕೂ ಚೆನ್ನಾಗಿರ್ಲಿಲ್ಲ." ಅವನು ಮಸಿ ಕೈ ನೋಡಿಕೊಂಡ. "ಲೇಖನ ಆದ್ರೆ ನನಗೆ ಬರುತ್ತೆ."

ಅವಳು ಕೋಟು ಕಳಚಿ, ಮೊದಲ ಕಟ್ಟಿನಿಂದ ಹಾಳೆ ಎತ್ತಿಕೊಂಡು ಅವನ ಹಿಂದೆ ಸುತ್ತತೊಡಗಿದಳು. ಕೊನೆಯ ಹಾಳೆ ಕೈಗೆ ಬಂದಾಗ 'ಇವರೂ ಬರೆದಿದ್ದರು' ಪಟ್ಟಿ ಕಣ್ಣಿಗೆ ಬಿತ್ತು. ದಂತವೈದ್ಯನಿಗೂ ಪಾದ್ರಿಗೂ ನಡುವೆ, ಅವಳ ಹೆಸರಿದ್ದ ಜಾಗದಲ್ಲಿ, ಒಂದು ಸಾಲು ಖಾಲಿಯಿತ್ತು.

ಅವಳು ಆ ಹಾಳೆಯನ್ನೂ ಜೋಡಿಸಿ ಮತ್ತೆ ಸುತ್ತತೊಡಗಿದಳು. ಏಳನೆಯ ಸುತ್ತಿನಲ್ಲಿ ಬಾಯಿಬಿಟ್ಟಳು.

"ನನ್ನ ಮೇಲೆ ಬರೆಯೋದು ನಿಲ್ಲಿಸೋಕೆ ನನ್ನ ಒಪ್ಪಿಗೆ ಇಲ್ಲ, ಡೆಸ್. ಮೂರನೇ ಅಧ್ಯಾಯ ಸತ್ತಿದೆ ಅಂತ ಇನ್ಯಾರು ಹೇಳ್ತಾರೆ?"

"ಈಗ ಬದುಕಿದೆ. ಎಂಟನೇದು ಸ್ವಲ್ಪ ಉದ್ದವಾಯ್ತು," ಎಂದ ಅವನು, ಅವಳ ಬೆರಳುಗಳನ್ನು ಹಾಳೆಗಳ ಸಮೇತ ಹಿಡಿದು. "ಇನ್ಮೇಲೆ ಮನೇಲೇ ಹೇಳ್ತೀನಿ. ನೀನು ಇಲ್ಲೇ ಇದ್ರೆ."

"ಅಚ್ಚಿಗಲ್ಲ?"

"ಅಚ್ಚಿಗಲ್ಲ."