ಹಿಮ್ಮುಖವಾಗಿ ನಿಲ್ಲಿಸಿದ ಬೈಕು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ದರ್ಜಿಯ ಹೆಂಡತಿ ಠಾಣೆಗೆ ಬಂದು, ಗಂಡ ಹಿಂದಿನ ಸಂಜೆಯಿಂದ ಮನೆಗೆ ಬಂದಿಲ್ಲವೆಂದು ದೂರು ಕೊಟ್ಟಳು. ಮಧ್ಯಾಹ್ನದೊಳಗೆ ಕಾಲುವೆ ರಸ್ತೆಯ ಪಕ್ಕದ ಹಳ್ಳದಲ್ಲಿ ಅವನ ಹೆಣ ಸಿಕ್ಕಿತು. ತಲೆ ಒಡೆದಿತ್ತು, ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಅವನ ಬೈಕು ಮಾತ್ರ ಬಸ್ ನಿಲ್ದಾಣದ ಹೊರಗೆ ಒಂದು ಗೀರೂ ಇಲ್ಲದೆ ನಿಂತಿತ್ತು. ಇನ್‌ಸ್ಪೆಕ್ಟರ್ ಎಫ್‌ಐಆರ್‌ನಲ್ಲಿ ಕೊಲೆ ಎಂದು ಬರೆಸಿ, ಸಂಜೆಗೆ ದರ್ಜಿಯ ತಮ್ಮನನ್ನು ಲಾಕಪ್ಪಿಗೆ ಹಾಕಿದರು. ಅಂಗಡಿಯ ಪಾಲಿಗಾಗಿ ಅಣ್ಣತಮ್ಮಂದಿರು ಕೈ ಕೈ ಮಿಲಾಯಿಸಿದ್ದನ್ನು ಇಡೀ ಬೀದಿ ನೋಡಿತ್ತು.

ಬೈಕಿನ ಪಂಚನಾಮೆಗೆ ಸಂಚಾರ ದಳದ ಬೈಕ್ ಪೇದೆಯನ್ನು ಕಳಿಸಿದರು. ಅವನಿಗೆ ಪತ್ತೇದಾರನಾಗುವ ಹುಚ್ಚು. ಬೈಕಿನಿಂದ ಇಳಿಸಿ ಅಪರಾಧ ವಿಭಾಗಕ್ಕೆ ಹಾಕಿ ಎಂದು ಇನ್‌ಸ್ಪೆಕ್ಟರರ ತಲೆ ತಿಂದಿದ್ದ. "ಪತ್ತೇದಾರ್ರೇ, ನನ್ನ ಡಬ್ಬಿ ಖಾಲಿ ಮಾಡಿದ್ಯಾರು ಸ್ವಲ್ಪ ಹುಡುಕಿಕೊಡಿ" ಎಂದು ದಳದವರು ರೇಗಿಸುತ್ತಿದ್ದರು. ನಗದೆ ಇದ್ದವರೆಂದರೆ ಅವನಿಗೆ ಬೈಕ್ ಕಲಿಸಿದ ದಫೇದಾರರೊಬ್ಬರೇ.

ಬೈಕು ನಿಂತ ರೀತಿ ಅವನಿಗೆ ಚೆನ್ನಾಗಿ ಪರಿಚಿತವಾಗಿತ್ತು. ಉಳಿದ ಗಾಡಿಗಳೆಲ್ಲ ಗೋಡೆಗೆ ಮೂತಿ ಹಚ್ಚಿ ನಿಂತಿದ್ದರೆ, ಇದು ರಸ್ತೆಗೆ ಮುಖ ಮಾಡಿತ್ತು. ಹ್ಯಾಂಡಲ್ ನೆಟ್ಟಗಿತ್ತು. ಹೆಲ್ಮೆಟ್ಟು ಪಟ್ಟಿ ಬಿಗಿದುಕೊಂಡು ಬಲಗನ್ನಡಿಗೆ ನೇತಾಡುತ್ತಿತ್ತು. ಕರೆ ಬಂದ ಕೂಡಲೇ ಹೊರಡಬೇಕಾದ ಅವನ ದಳದವರು ಮಾತ್ರ ಹೀಗೆ ನಿಲ್ಲಿಸುತ್ತಾರೆ. ನಿದ್ದೆಗಣ್ಣಲ್ಲೂ ಹೀಗೇ ನಿಲ್ಲಿಸುವಷ್ಟು ಅಭ್ಯಾಸ ಮಾಡಿಸಿರುತ್ತಾರೆ.

ದರ್ಜಿಯ ಹೆಂಡತಿಯನ್ನು ಕೇಳಿದ: "ಯಜಮಾನರು ಗಾಡಿ ಹೇಗೆ ನಿಲ್ಲಿಸ್ತಿದ್ರಮ್ಮ?"

"ಬಂದ ಹಾಗೇ ತಂದು ಬಿಸಾಕೋರು. ತಿರುಗಿಸಿ ನಿಲ್ಲಿಸೋ ತಾಳ್ಮೆ ಎಲ್ಲಿತ್ತು ಅವರಿಗೆ?"

ಮಂಗಳವಾರ ಬೆಳಗಿನ ಹಾಜರಿಯಲ್ಲಿ ಅವನು ಯಾರ ಮುಖವನ್ನೂ ನೋಡದೆ ಬೈಕುಗಳನ್ನೇ ನೋಡಿದ. ಜೊತೆಯಲ್ಲಿ ಉಂಡವರನ್ನು ಒಬ್ಬೊಬ್ಬರಾಗಿ ಅನುಮಾನಿಸುವುದು ಎಂಥ ಹೇಸಿಗೆಯ ಕೆಲಸವೆಂದು, ಪತ್ತೇದಾರನಾಗುವ ಕನಸು ಕಾಣುವಾಗ ಅವನಿಗೆ ಯಾರೂ ಹೇಳಿರಲಿಲ್ಲ. ದಫೇದಾರರ ಬೈಕಿನ ಎಡಗಡೆಯ ಲೆಗ್ ಗಾರ್ಡಿನಿಂದ ಹಸಿ ಬಣ್ಣದ ವಾಸನೆ ಬರುತ್ತಿತ್ತು.

ಕ್ಯಾಂಟೀನಿನಲ್ಲಿ ದಫೇದಾರರ ಎಡಗೈ ಪಕ್ಕಕ್ಕೆ ಟೀ ಇಟ್ಟು ಕೂತ.

"ಗಾರ್ಡಿಗೆ ಬಣ್ಣ ಹೊಡೆದ್ರಾ, ಸಾರ್?"

"ತುಕ್ಕು ಹಿಡಿದಿತ್ತು."

"ಬಲಗಡೇದಕ್ಕೆ ಹಿಡಿದಿಲ್ವಾ?"

ದಫೇದಾರರು ಸಟ್ಟನೆ ಅವನತ್ತ ತಿರುಗಿದರು. ಮೊಣಕೈ ತಗುಲಿ ಲೋಟ ಉರುಳಿ ಟೀ ತೊಡೆಯ ಮೇಲೆ ಚೆಲ್ಲಿತು.

"ಇದನ್ನ ಯಾವಾಗ ಇಟ್ಟೆಯೋ?"

"ನಿಮ್ಮ ಮುಂದೇನೇ ಇಟ್ಟೆ, ಸಾರ್."

ಅವರ ಎಡಗಣ್ಣಿಗೆ ಏನೂ ಕಾಣುವುದಿಲ್ಲವೆಂದು ಅವನಿಗೆ ಆಗ ಗೊತ್ತಾಯಿತು. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಆದರೆ ಲಾಕಪ್ಪಿನಲ್ಲಿ ದರ್ಜಿಯ ತಮ್ಮ ನಿನ್ನೆಯಿಂದ ಅನ್ನ ಮುಟ್ಟಿರಲಿಲ್ಲ.

ಇನ್‌ಸ್ಪೆಕ್ಟರ್ ಪೂರ್ತಿ ಕೇಳಿಸಿಕೊಂಡರು. "ಕೈಹಿಡಿದು ಕಲಿಸಿದವರ ಮೇಲೇ ಬೆರಳು ತೋರಿಸ್ತಿದೀಯ. ಸುಳ್ಳಾದ್ರೆ?"

"ಕೆಲಸ ಬಿಟ್ಟು ಮನೆಗೆ ಹೋಗ್ತೀನಿ, ಸಾರ್."

ಪಂಚರ ಮುಂದೆ ಗಾರ್ಡನ್ನು ಬಿಚ್ಚಿಸಿದರು. ಬೋಲ್ಟಿನ ಸಂದಿಯಲ್ಲಿ ಬೂದು ಬಣ್ಣದ ಪ್ಯಾಂಟಿನ ಎಳೆ, ಒಣಗಿದ ರಕ್ತ ಸಿಕ್ಕಿದವು. ಹೆಣದ ಮೇಲಿದ್ದದ್ದೂ ಬೂದು ಪ್ಯಾಂಟೇ.

ವಿಚಾರಣೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಯಾವಾಗಿಂದ ಕಣ್ಣು ಕಾಣ್ತಿಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದು ವರ್ಷದಿಂದ." ದಫೇದಾರರ ತಲೆ ಮೇಲೇಳಲಿಲ್ಲ. "ಮಬ್ಬುಗತ್ತಲು. ಅವನು ಗಾಡಿ ನಿಲ್ಲಿಸಿ ರಸ್ತೆ ಅಂಚಲ್ಲಿ ಫೋನಲ್ಲಿ ಮಾತಾಡ್ತಾ ನಿಂತಿದ್ದ. ಬಡಿದ ಮೇಲೇನೇ ಗೊತ್ತಾಗಿದ್ದು."

"ಅವನ ಗಾಡಿ ಅಲ್ಲೇ ಬಿಟ್ಟಿದ್ರೆ ಅಪಘಾತ ಅಂತಿದ್ವಿ."

"ಅಪಘಾತ ಅಂದಮೇಲೆ ಹೊಡೆದವನನ್ನೂ ಹುಡುಕ್ತಿದ್ರಿ. ಬಸ್ ಹತ್ತಿ ಎಲ್ಲೋ ಹೋದ ಅಂದ್ಕೊಳ್ಳಲಿ ಅಂತ ನಿಲ್ದಾಣದಲ್ಲಿ ಬಿಟ್ಟು, ನನ್ನ ಗಾಡಿಗೆ ನಡ್ಕೊಂಡು ವಾಪಸ್ ಬಂದೆ."

ಪೇದೆ ಬಾಯಿ ಬಿಟ್ಟ. "ಹಳ್ಳಕ್ಕೆ ಇಳಿಸುವಾಗ ಉಸಿರಿತ್ತಾ, ಸಾರ್?"

ದಫೇದಾರರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಇತ್ತು."

ಅವರನ್ನು ಬಂಧಿಸಿದಾಗ ಸಂಜೆ ಐದು ಗಂಟೆ. ದರ್ಜಿಯ ತಮ್ಮನನ್ನು ಲಾಕಪ್ಪಿನಿಂದ ಬಿಟ್ಟು ಮನೆಗೆ ಕಳಿಸಿದರು.

ದಫೇದಾರರಿಗೆ ದರ್ಜಿಯ ಪರಿಚಯವೂ ಇರಲಿಲ್ಲ. ಕಣ್ಣಿನ ವಿಷಯ ಹೊರಬಿದ್ದರೆ ಬೈಕಿನಿಂದ ಇಳಿಸಿ ಟಪಾಲಿನ ಮೇಜಿಗೆ ಕೂರಿಸುತ್ತಾರೆಂಬ ಭಯವೊಂದೇ ಇತ್ತು. "ಬೈಕಿನ ಮೇಲಿಲ್ಲದಿದ್ರೆ ನಾನು ಏನು ಕಣೋ?" ಎಂದು ಅವರು ಕೇಳಿದರು. ಎದುರಿಗಿದ್ದ ಪೇದೆ ಇಷ್ಟು ವರ್ಷ ಅದರಿಂದ ಇಳಿಯಲೆಂದೇ ಹಾತೊರೆದವನು.

ಜೀಪು ಹತ್ತುವಾಗ ಎಡಗಡೆಯ ಬಾಗಿಲು ಕಾಣದೆ ದಫೇದಾರರು ತಡವರಿಸಿದರು. ಪೇದೆ ಕೈ ಹಿಡಿದು ಹತ್ತಿಸಿದ. ಆ ಕೈಗೆ ಬೇಡಿ ಹಾಕಿದ್ದವನೂ ಅವನೇ.